ಚಿತ್ರದಲ್ಲಿ ಫೇಟಿಯಾ ಇದೆ, ಹೇರೆತ್ತು ಇಲ್ಲ

ಫೆಬ್ರುವರಿ ಮಧ್ಯದಲ್ಲಿ ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪಕ್ಕೆ ಹೋದರೆ ಕಾಲಿಡಲು ಜಾಗ ಇರುವುದಿಲ್ಲ. ಲಂಬಾಣಿಗಳ ಸಂತ ಸೇವಾಲಾಲರು ಹುಟ್ಟಿದ ಜಾಗ ಅದು. ಮಾಲೆ ಧರಿಸಿದವರು ದೂರದ ತಾಂಡಾಗಳಿಂದ ನಡೆದುಕೊಂಡೇ ಬರುತ್ತಾರೆ. ಜಾತ್ರೆಯಲ್ಲಿ ಫೇಟಿಯಾ ಅನ್ನುವ ಲಂಗ ತೊಟ್ಟ, ಹಳೇ ಉಡುಪಿನ ಅಜ್ಜಿ ಕಂಡರೆ ಸಾಕು, ನಾಲ್ಕು ಮೊಬೈಲ್ ಎದ್ದು ನಿಲ್ಲುತ್ತವೆ. 'ಅಜ್ಜಿ, ಸ್ವಲ್ಪ ಈ ಕಡೆ ತಿರುಗಿ' ಅಂತಾರೆ. ಫೋಟೊ ಆಯಿತು, ಮುಂದಿನ ಅಂಗಡಿಗೆ ಹೋದರು.

ಒಮ್ಮೆ ನಾನೂ ಹಾಗೇ ನಿಲ್ಲಿಸಿದ್ದೆ. ಹತ್ತಿರ ಹೋದಾಗ ಅವರ ಕಾಂಚಳಿಯ (ರವಿಕೆಯ) ಮೇಲೆ ಕಣ್ಣು ಬಿತ್ತು. ಕನ್ನಡಿ ಚೂರು, ಕವಡೆ, ಅವುಗಳ ನಡುವೆ ಸಾಲಾಗಿ ಹೊಲಿದ ಬೆಳ್ಳಿ ನಾಣ್ಯಗಳು. ಒಂದರ ಮೇಲೆ ಐದನೇ ಜಾರ್ಜ್ ದೊರೆಯ ತಲೆ. ಮೂಗು, ಗಡ್ಡ ಸವೆದಿದ್ದರೂ ಸುತ್ತ ಬರೆದ ಹೆಸರು ಓದಲು ಬರುತ್ತಿತ್ತು. 'ಏನಜ್ಜಿ ಇದು?' ಅಂದೆ. 'ನಮ್ಮ ಯಾಡಿದು. ಎಷ್ಟು ಕಷ್ಟ ಬಂದ್ರೂ ಕರಗಿಸಾಕೆ ಕೊಟ್ಟಿಲ್ಲ' ಅಂದರು. ಯಾಡಿ ಅಂದರೆ ತಾಯಿ. ದೊರೆಯ ಹೆಸರು ನಾಣ್ಯದ ಮೇಲಿದೆ. ಅದನ್ನು ಎದೆ ಮೇಲೆ ಹೊತ್ತ ಹೆಂಗಸರ ಚಿತ್ರಗಳು ಎಷ್ಟೋ ಇವೆ, ಹೆಸರು ಮಾತ್ರ ಹುಡುಕಿದರೂ ಸಿಗುವುದಿಲ್ಲ. ಯಾಕೆ ಹೀಗಾಯಿತು ಅಂತ ಅವತ್ತಿಂದ ತಲೆಯಲ್ಲಿ ಕೊರೆಯುತ್ತಲೇ ಇದೆ.

ಮೊದಲು ಲಂಬಾಣಿಗಳ ಕೆಲಸ ಏನಿತ್ತು ಅಂತ ನೋಡಬೇಕು. ಲವಣ ಅನ್ನುವ ಮಾತಿನಿಂದಲೇ ಲಂಬಾಣಿ ಬಂತು ಅನ್ನುವವರಿದ್ದಾರೆ. ಬಂಜಾರರು ಅನ್ನುವುದೂ ಇವರನ್ನೇ. ಲಂಬಾಣಿಗಳು ತಮ್ಮನ್ನು ಗೋರ್ ಅಂದುಕೊಳ್ಳುತ್ತಾರೆ, ಹೊರಗಿನವರನ್ನು ಕೋರ್ ಅನ್ನುತ್ತಾರೆ. ಕರಾವಳಿಯ ಉಪ್ಪು ಒಳನಾಡಿಗೆ, ಒಳನಾಡಿನ ಧಾನ್ಯ ಬೇಕಾದಲ್ಲಿಗೆ. ಎಲ್ಲವೂ ಹೇರೆತ್ತಿನ ಬೆನ್ನ ಮೇಲೆ. ಎರಡೂ ಪಕ್ಕಕ್ಕೆ ಇಳಿಬಿದ್ದ ಗೋಣಿ, ಕೊರಳಲ್ಲಿ ಗಂಟೆ. ಪೀಟರ್ ಮುಂಡಿ ಎಂಬ ಇಂಗ್ಲಿಷ್ ವ್ಯಾಪಾರಿ 1632ರಲ್ಲಿ ಉತ್ತರ ಭಾರತದ ದಾರಿಯಲ್ಲಿ ಇಂಥ ಒಂದು ತಾಂಡಾ, ಅಂದರೆ ನಡೆದು ಹೋಗುವ ಎತ್ತುಗಳ ದಂಡು, ನೋಡಿ ಬರೆದಿಟ್ಟ. ಅದರಲ್ಲಿ 14 ಸಾವಿರ ಎತ್ತುಗಳಿದ್ದವಂತೆ! ದಿನಕ್ಕೆ ಆರೇಳು ಮೈಲಿ ಮಾತ್ರ ನಡೆಯುತ್ತಿದ್ದರು, ಹೆಂಡತಿ ಮಕ್ಕಳ ಸಮೇತ. ಅಷ್ಟು ದನಕ್ಕೆ ನೀರು ಎಲ್ಲಿ, ಹುಲ್ಲು ಎಲ್ಲಿ, ಯಾವ ಹೊಳೆ ಯಾವ ತಿಂಗಳು ದಾಟಬಹುದು ಅನ್ನೋದು ತಲೆಯಲ್ಲೇ ಇರಬೇಕು. ನನ್ನ ಪ್ರಕಾರ ಅವರ ದೊಡ್ಡ ವಿದ್ಯೆ ಇದೇ. ಕಸೂತಿ ಆಮೇಲೆ.

ಈ ವಿದ್ಯೆಯ ಬೆಲೆ ಬ್ರಿಟಿಷರಿಗೆ ಚೆನ್ನಾಗಿ ಗೊತ್ತಿತ್ತು. 1791ರ ಮೇ ತಿಂಗಳಲ್ಲಿ ಟಿಪ್ಪುವಿನ ಮೇಲೆ ಯುದ್ಧಕ್ಕೆ ಹೊರಟ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದೂ ಹಿಂತಿರುಗಬೇಕಾಯಿತು. ಸೈನ್ಯಕ್ಕೆ ದವಸ ಇರಲಿಲ್ಲ, ಎಳೆಯುವ ಎತ್ತುಗಳು ಸತ್ತಿದ್ದವು. ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹೊರಟ. ಮುಂದಿನ ವರ್ಷ ಮತ್ತೆ ಬಂದು ಗೆದ್ದಾಗ ದವಸ ಪೂರೈಸಿದವರಲ್ಲಿ ಬಂಜಾರರು ಮುಖ್ಯರು. ಆ ಸೈನ್ಯದ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಇದ್ದ. ಅವನು ಬರೆದ ಮೈಸೂರು ಸೀಮೆಯ ಬೆಟ್ಟ, ಕೋಟೆಗಳ ಚಿತ್ರಗಳು 1794ರಲ್ಲಿ ಪುಸ್ತಕವಾಗಿ ಬಂದವು. ಟಿಪ್ಪುವಿನ ಮಕ್ಕಳನ್ನು ಒತ್ತೆಯಾಗಿ ಪಡೆಯುವ ಕಾರ್ನ್‌ವಾಲಿಸ್‌ನ ಚಿತ್ರವನ್ನೂ ಅವನು ಬರೆದ. ಗೆದ್ದ ಜನರಲ್‌ನ ಮುಖ ಉಳಿಯಿತು. ಅವನ ಸೈನ್ಯಕ್ಕೆ ಅನ್ನ ತಂದವರ ಮುಖ ಉಳಿಯಲಿಲ್ಲ.

ಆಮೇಲೆ ಬಂದದ್ದು ಈಸ್ಟ್ ಇಂಡಿಯಾ ಕಂಪನಿ ಹೆಸರಿನಿಂದ ಕರೆಯುವ 'ಕಂಪನಿ ಚಿತ್ರ'ಗಳ ಕಾಲ. ತಂಜಾವೂರು, ತಿರುಚಿರಾಪಳ್ಳಿ ಕಡೆಯ ನಮ್ಮವರೇ ಆದ ಕಲಾವಿದರು ಬಿಳಿಯರಿಗಾಗಿ ಬರೆದವು. ಒಂದೊಂದು ಜಾತಿಗೆ ಒಂದು ಗಂಡ, ಒಂದು ಹೆಂಡತಿ. ಹಿಂದೆ ಬರೀ ಖಾಲಿ ಜಾಗ. ಕೆಲಸ ತೋರಿಸಬೇಕಾದರೆ ಕೈಗೊಂದು ವಸ್ತು ಕೊಡುತ್ತಿದ್ದರು. ಕುಂಚದ ಕೆಲಸ ನಿಜಕ್ಕೂ ಸೊಗಸು, ಅದರಲ್ಲಿ ಎರಡು ಮಾತಿಲ್ಲ. ನೇಕಾರನ ಕೈಗೆ ಲಾಳಿ ಕೊಡಬಹುದು, ಕುಂಬಾರನ ಪಕ್ಕ ಮಡಕೆ ಇಡಬಹುದು. ಆದರೆ ಸಾವಿರಾರು ಎತ್ತುಗಳ ವ್ಯಾಪಾರವನ್ನು ಯಾರ ಕೈಗೆ ಕೊಡೋದು? ಅಂಥ ಚೌಕಟ್ಟಿನಲ್ಲಿ ಅಲೆಮಾರಿಗಳದ್ದು ಬಟ್ಟೆ, ಬಳೆಯಷ್ಟೇ ಉಳಿಯುತ್ತದೆ ಅಲ್ವಾ.

1857ರ ದಂಗೆಯ ನಂತರ ಕ್ಯಾಮೆರಾ ಆ ಕೆಲಸಕ್ಕೆ ಇಳಿಯಿತು. 1868ರಿಂದ 1875ರವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳು ಬಂದವು. ಕೇಯ್ ಮತ್ತು ವಾಟ್ಸನ್ ಸಂಪಾದಕರು. 450ಕ್ಕೂ ಹೆಚ್ಚು ಫೋಟೊಗಳು. ಬಹುತೇಕ ಫೋಟೊಗಳ ಕೆಳಗೆ ಜಾತಿ, ಕಸುಬು, ಊರು ಇರುತ್ತದೆ. ಜೊತೆಗಿರುವ ಬರಹ ಕೆಲವರನ್ನು ನಂಬಬಹುದಾದವರು ಅಂತಲೂ, ಇನ್ನು ಕೆಲವರನ್ನು ಕಳ್ಳಬುದ್ಧಿಯವರು ಅಂತಲೂ ಸಲೀಸಾಗಿ ತೀರ್ಮಾನಿಸಿಬಿಡುತ್ತದೆ. ಓದುವಾಗ ಹೊಟ್ಟೆ ಉರಿಯುತ್ತದೆ.

ಅದೇ ಹೊತ್ತಿಗೆ ಕೆಲಸವೂ ಕೈಬಿಡುತ್ತಿತ್ತು. ರಸ್ತೆ ಬಂತು, ಗಾಡಿ ಬಂತು, ರೈಲು ಬಂತು. ಉಪ್ಪಿನ ಮೇಲೆ ಸರಕಾರದ ಹಿಡಿತ ಬಿಗಿಯಾಯಿತು. ನಮ್ಮ ದಾವಣಗೆರೆ ವ್ಯಾಪಾರದ ಊರಾಗಿ ಬೆಳೆಯಲು ರೈಲು ಎಷ್ಟು ಕಾರಣವೋ, ಹೇರೆತ್ತುಗಳು ದಾರಿಯಿಂದ ಮಾಯವಾಗಲೂ ಅಷ್ಟೇ ಕಾರಣ. ಈ ಎರಡನ್ನೂ ಒಟ್ಟಿಗೆ ಹೇಳುವವರು ಕಡಿಮೆ. ಅರಣ್ಯ ಕಾನೂನುಗಳು ಬಂದ ಮೇಲೆ ದನ ಮೇಯಿಸುವ ಜಾಗಕ್ಕೂ ಬೇಲಿ ಬಿತ್ತು.

1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದರು. ಮೊದಲು ಉತ್ತರದಲ್ಲಿ, 1911ರ ಹೊಸ ಕಾಯ್ದೆಯಿಂದ ಮದ್ರಾಸ್ ಪ್ರಾಂತ್ಯದಲ್ಲೂ. ಇಡೀ ಸಮುದಾಯವನ್ನೇ ಹುಟ್ಟಿನಿಂದ ಅಪರಾಧಿ ಅಂತ ಬರೆದುಕೊಳ್ಳುವ ಕಾನೂನು ಅದು. ಹೆಸರು ನೋಂದಣಿ, ಬೆರಳಚ್ಚು, ಹಾಜರಿ, ಊರು ಬಿಡಲು ಪಾಸ್. ಹಲವು ಪ್ರದೇಶಗಳಲ್ಲಿ ಬಂಜಾರರೂ ಆ ಪಟ್ಟಿಗೆ ಸೇರಿದರು. ನಡೆಯುವುದೇ ಬದುಕಾಗಿದ್ದವರಿಗೆ ನಡೆಯುವುದೇ ತಪ್ಪಾಯಿತು. ಫೋಟೊದ ಕೆಳಗೆ ಬರೆಯದ ಹೆಸರನ್ನು ಪೊಲೀಸ್ ಪುಸ್ತಕದಲ್ಲಿ ಮಾತ್ರ ತಪ್ಪದೇ ಬರೆದುಕೊಂಡರು ಅನ್ನುವುದನ್ನು ನೆನೆದರೆ ಇವತ್ತಿಗೂ ಸಂಕಟ ಆಗುತ್ತದೆ. ಇನ್ನು ಮದ್ರಾಸ್ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ಗರ್ ಥರ್ಸ್ಟನ್ ಜನರ ತಲೆ, ಮೂಗು ಅಳೆದು 1909ರಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ತಂದ.

ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರ ಆಗಸ್ಟ್ 31ಕ್ಕೆ ಆ ಪಟ್ಟಿ ರದ್ದಾಯಿತು. ಮನಸ್ಸಿನ ಪಟ್ಟಿ ಅಷ್ಟು ಬೇಗ ಹೋಗಲಿಲ್ಲ. ಒಂದೇ ಜನ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಎಷ್ಟೋ ತಾಂಡಾಗಳು ದಶಕಗಳ ಕಾಲ ಕಂದಾಯ ಗ್ರಾಮ ಅನ್ನಿಸಿಕೊಳ್ಳಲೇ ಇಲ್ಲ. ಇದ್ದ ಮನೆಗೆ ಕಾಗದ ಇರಲಿಲ್ಲ. ಕಲ್ಯಾಣ ಕರ್ನಾಟಕದ ಕಡೆ ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿದ್ದು 2023ರ ಜನವರಿಯಲ್ಲಿ.

ಇವತ್ತು ಚನ್ನಗಿರಿ, ಹೊನ್ನಾಳಿ ಕಡೆಯ ತಾಂಡಾಗಳವರು ಕಾಫಿ ಎಸ್ಟೇಟಿಗೋ ಕಬ್ಬು ಕಡಿಯಲೋ ಗುಳೆ ಹೋಗುತ್ತಾರೆ. ಅಜ್ಜಿಯರ ಫೇಟಿಯಾ, ತಲೆಗೆ ಹೊದೆಯುವ ಟುಕ್ರಿ ಪೆಟ್ಟಿಗೆಯಲ್ಲಿವೆ. ಶಾಲೆಯ ವಾರ್ಷಿಕೋತ್ಸವದ 'ಲಂಬಾಣಿ ಡ್ಯಾನ್ಸ್'ಗೆ ಅದೇ ತರದ ಬಟ್ಟೆ ಬಾಡಿಗೆಗೆ ಸಿಗುತ್ತದೆ. ಕನ್ನಡಿ ಇರುತ್ತದೆ, ಬಣ್ಣ ಇರುತ್ತದೆ, ಹಿಂದೆ ಖಾಲಿ ಪರದೆ. ಕಂಪನಿ ಚಿತ್ರವೇ ಎದ್ದು ಕುಣಿದಂತೆ ಕಾಣುತ್ತದೆ ನನಗೆ.

ಆದರೆ ದೀಪಾವಳಿಗೆ ಎಲ್ಲರೂ ಊರಿಗೆ ಬರುತ್ತಾರೆ. ಹೆಣ್ಣುಮಕ್ಕಳು ಬುಟ್ಟಿ ಹಿಡಿದು ಹಾಡುತ್ತಾ ಕಾಡಿಗೆ ಹೋಗಿ ಹೂವು ತರುತ್ತಾರೆ. ಮನೆಮನೆಗೆ ದೀಪ ಹಿಡಿದು ಹೋಗಿ ಹಿರಿಯರಿಗೆ 'ಮೇರಾ' ಅನ್ನುವ ಹಬ್ಬದ ಹಾರೈಕೆ ಹೇಳುತ್ತಾರೆ. ಸಗಣಿಯ ಪುಟ್ಟ ಗುಡ್ಡೆಗಳನ್ನು ಮಾಡಿ ಹೂ ಸಿಕ್ಕಿಸುತ್ತಾರೆ, ದನಕರು ಹೆಚ್ಚಲಿ ಅಂತ. ಹೊನ್ನಾಳಿ ಕಡೆಯ ಒಂದು ತಾಂಡಾದಲ್ಲಿ ನಾನು ನೋಡಿದಾಗ ಆ ಮನೆಯಲ್ಲಿ ಒಂದು ಎತ್ತೂ ಇರಲಿಲ್ಲ. ಕೊಟ್ಟಿಗೆಯಲ್ಲಿ ಬೈಕ್ ನಿಂತಿತ್ತು. ಹುಡುಗಿ ಪಕ್ಕದ ಮನೆಗೆ ಹೋಗಿ ಸಗಣಿ ಕೇಳಿಕೊಂಡು ಬಂದಳು, ಬೈಕನ್ನು ಸ್ವಲ್ಪ ಸರಿಸಿದಳು, ಗುಡ್ಡೆ ಮಾಡಿ ಹಳದಿ ಹೂವು ಸಿಕ್ಕಿಸಿದಳು.