ಕಾಫಿ ಕ್ಯೂರಿಂಗ್ ಲೆಕ್ಕದಿಂದ ಕಾಲೇಜು ಆಫೀಸಿಗೆ: ಮೊದಲು ಎಂ.ಬಿ.ಎ. ಮಾಡಬೇಕೇ?

ಪ್ರಶ್ನೆ: ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ (ಕಾಫಿ ಸಂಸ್ಕರಿಸಿ ದರ್ಜೆ ಮಾಡುವ ಘಟಕ) ಒಂದರಲ್ಲಿ ಹನ್ನೊಂದು ವರ್ಷದಿಂದ ಸ್ಟಾಕು, ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ಬಿ.ಕಾಂ. ಓದಿದ್ದೇನೆ. ವಯಸ್ಸು 37, ಸಾಮಾನ್ಯ ವರ್ಗ. ಕಾಲೇಜು ಆಡಳಿತದ ಕಡೆ ಬರಬೇಕೆಂದಿದ್ದೇನೆ. ಅದಕ್ಕೆ ಎಂ.ಬಿ.ಎ. ಬೇಕೇ?

ಉತ್ತರ: ಸದ್ಯಕ್ಕೆ ಬೇಡ. ಮೊದಲು ಒಳಗೊಂದು ಟೇಬಲ್ ಹಿಡಿಯಿರಿ, ಓದು ಆಮೇಲೆ.

ಸರ್ಕಾರಿ ಕಾಲೇಜುಗಳ ಆಫೀಸಿಗೆ ದಾರಿ ಎಫ್‌ಡಿಎ, ಎಸ್‌ಡಿಎ (ಪ್ರಥಮ, ದ್ವಿತೀಯ ದರ್ಜೆ ಸಹಾಯಕ) ಪರೀಕ್ಷೆ. ಸಾಮಾನ್ಯ ವರ್ಗಕ್ಕೆ ಮಾಮೂಲಿ ವಯೋಮಿತಿ 35. ಸರ್ಕಾರ ಆಗಾಗ ಸಡಿಲಿಕೆ ಕೊಡುವುದುಂಟು. ಹೊಸ ಅಧಿಸೂಚನೆ ಬಂದಾಗ ನೋಡಿ, ಆದರೆ ಅದನ್ನೇ ನೆಚ್ಚಿ ಕೂರಬೇಡಿ. ನಿಮಗೆ ತೆರೆದ ಬಾಗಿಲು ಖಾಸಗಿ ಆಡಳಿತ ಮಂಡಳಿಯ ಕಾಲೇಜುಗಳದ್ದು. ಅನುದಾನಿತ ಕಾಲೇಜಾದರೆ ಹುದ್ದೆ ಅನುದಾನದ್ದೋ (ಸಂಬಳ ಸರ್ಕಾರದ್ದು) ಮ್ಯಾನೇಜ್‌ಮೆಂಟಿನದೋ ಎಂದು ಮೊದಲೇ ಕೇಳಿ. ಒಂದೇ ಟೇಬಲ್ಲಿನ ಆಚೆ ಈಚೆ ಕೂತವರ ಸಂಬಳದಲ್ಲಿ ಅಜಗಜಾಂತರ ಇರುತ್ತದೆ.

ನಿಮ್ಮ ಅನುಭವ ವ್ಯರ್ಥವಾಗುವುದಿಲ್ಲ. ಒಬ್ಬ ಬೆಳೆಗಾರರ ಚೆರ್ರಿ ಎಷ್ಟು ಒಳಬಂತು, ಅದರಲ್ಲಿ ಎಬಿ, ಪಿಬಿ, ಬಿಟ್ಸ್ ಎಂಬ ದರ್ಜೆಯ ಬೀಜ ಎಷ್ಟೆಷ್ಟು ಬಿತ್ತು ಎಂದು ಹೆಸರು ಹೆಸರಿಗೆ ತಾಳೆ ಹಾಕಿದವರು ನೀವು. ಕಾಲೇಜಿನಲ್ಲಿ ಇದೇ ಕೆಲಸಕ್ಕೆ ಡಿಸಿಬಿ ಅನ್ನುತ್ತಾರೆ: ವಿದ್ಯಾರ್ಥಿಯಿಂದ ಬರಬೇಕಾದ ಶುಲ್ಕ, ಬಂದದ್ದು, ಬಾಕಿ. ಅರ್ಜಿಯಲ್ಲಿ ‘ಸ್ಟಾಕ್ ನಿರ್ವಹಣೆ’ ಎಂದಷ್ಟೇ ಬರೆದರೆ ಪ್ರಿನ್ಸಿಪಾಲರಿಗೆ ಏನೂ ಹೊಳೆಯದು. ಎಷ್ಟು ಖಾತೆ ನೋಡಿದ್ದೀರಿ, ಆಡಿಟ್‌ಗೆ ಯಾವ ಯಾವ ರಿಜಿಸ್ಟರ್ ಒದಗಿಸಿದ್ದೀರಿ ಎಂದು ಬರೆಯಿರಿ. ಹತ್ತು ಕಾಲ್ಪನಿಕ ಹೆಸರಿನ ಡಿಸಿಬಿ ಹಾಳೆಯೊಂದನ್ನು ಎಕ್ಸೆಲ್‌ನಲ್ಲಿ ಮಾಡಿ ಸಂದರ್ಶನಕ್ಕೆ ಒಯ್ದರೂ ಆದೀತು.

ಲೆಕ್ಕದ ಟೇಬಲ್ ಸಿಕ್ಕರೂ ಅಲ್ಲೇ ಬೇರು ಬಿಡಬೇಡಿ. ಕಾಲೇಜು ಆಡಳಿತ ಅರ್ಥವಾಗುವುದು ಪ್ರವೇಶ, ಪರೀಕ್ಷೆ, ವಿದ್ಯಾರ್ಥಿವೇತನದ ಟೇಬಲ್‌ಗಳಲ್ಲಿ. ಚಿಕ್ಕಮಗಳೂರಿನ ಡಿಗ್ರಿ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದವು. ಅಲ್ಲಿ ಪ್ರವೇಶದಿಂದ ಅಂಕದವರೆಗೆ ಎಲ್ಲವೂ ಯುಯುಸಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ಇಂಜಿನಿಯರಿಂಗ್ ಆದರೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ), ಅದರ ವ್ಯವಸ್ಥೆಯೇ ಬೇರೆ. ತಪ್ಪಾಗುವುದು ಸಣ್ಣ ಕಡೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದಿರುತ್ತದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರೇ ಇರುತ್ತದೆ. ಪ್ರವೇಶದ ದಿನ ಯಾರೂ ನೋಡುವುದಿಲ್ಲ. ಕೊನೆಗೆ ಹಾಲ್ ಟಿಕೆಟ್ ಸಮಯದಲ್ಲೋ ಅಂಕಪಟ್ಟಿ ತಿದ್ದುಪಡಿಯಲ್ಲೋ ಅದು ಕುತ್ತಿಗೆಗೆ ಬರುತ್ತದೆ. ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನದಲ್ಲೂ ಹೀಗೇ: ಅರ್ಜಿ ಮಂಜೂರಾಗಿದ್ದರೂ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರದಿದ್ದರೆ ಹಣ ಬೀಳದು. ವಿದ್ಯಾರ್ಥಿ ಬಂದು ನಿಲ್ಲುವುದು ಬ್ಯಾಂಕಿನ ಮುಂದಲ್ಲ, ನಿಮ್ಮ ಕಿಟಕಿಯ ಮುಂದೆ.

ಇದಲ್ಲದೆ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಕಡತ, ಅದಕ್ಕೆ ವರ್ಷಕ್ಕೊಮ್ಮೆ ಸಲ್ಲಿಸುವ ಗುಣಮಟ್ಟದ ವರದಿ ಎಕ್ಯೂಎಆರ್, ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆ ಐಷೆಗೆ ಕೊಡುವ ಅಂಕಿ-ಅಂಶ ಇವೆ. ಉಪನ್ಯಾಸಕರು ಪಾಠದ ಮಧ್ಯೆ ಒಲ್ಲದ ಮನಸ್ಸಿನಿಂದ ಮಾಡುವ ಕೆಲಸ ಇದು. ಯಾವ ದಾಖಲೆ ಎಲ್ಲಿದೆ ಎಂದು ಐದು ನಿಮಿಷದಲ್ಲಿ ತೆಗೆದುಕೊಡುವ ಆಫೀಸಿನವರನ್ನು ಯಾವ ಪ್ರಿನ್ಸಿಪಾಲರೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ನಮ್ಮ ಮಟ್ಟಿಗೆ ಬಡ್ತಿಯ ನಿಜವಾದ ಮೆಟ್ಟಿಲು ಇದೇ.

ಸೇರುವ ಮೊದಲು ನೇಮಕಾತಿ ಆದೇಶ ಲಿಖಿತವಾಗಿ ಪಡೆಯಿರಿ. 20 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ ಪಿಎಫ್ ಕಟ್ಟಲೇಬೇಕು. ‘ಒಂದು ವರ್ಷ ಆಗಲಿ ನೋಡೋಣ’ ಅಂದರೆ ಅಲ್ಲೇ ಎಚ್ಚರವಾಗಿ. ಸಂಬಳ ಮೊದಲೆರಡು ವರ್ಷ ಈಗಿನದಕ್ಕಿಂತ ಕಡಿಮೆಯಾದರೆ ಆಶ್ಚರ್ಯಪಡಬೇಡಿ. ರಜೆಯ ಲೆಕ್ಕವೂ ತಲೆಕೆಳಗಾಗುತ್ತದೆ. ಇಷ್ಟು ವರ್ಷ ಕಾಫಿ ಕೊಯ್ಲಾದ ಮೇಲೆ ಮನೆಯವರ ಕೈಗೆ ಸಿಗುತ್ತಿರಲಿಲ್ಲ; ಇನ್ನು ಮಳೆಗಾಲದ ಪ್ರವೇಶದ ಹೊತ್ತಿಗೆ ಸಿಗುವುದಿಲ್ಲ.

ಓದಿನ ವಿಷಯಕ್ಕೆ ಬಂದರೆ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅರ್ಹತೆಯಂತೆ ವಿಶ್ವವಿದ್ಯಾಲಯದ ಅಸಿಸ್ಟೆಂಟ್ ರಿಜಿಸ್ಟ್ರಾರ್ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು, ಅಲ್ಲಿ ಐದು ವರ್ಷ ದುಡಿದರೆ ಡೆಪ್ಯುಟಿ ರಿಜಿಸ್ಟ್ರಾರ್‌ಗೆ ಅರ್ಹತೆ. ಎಂ.ಬಿ.ಎ.ಯೇ ಆಗಬೇಕೆಂದಿಲ್ಲ, ಎಂ.ಕಾಂ. ಸಾಕು. ಆದರೆ 54 ಬಂದರೆ ಅರ್ಜಿಯೇ ತಿರಸ್ಕೃತ, ಆದ್ದರಿಂದ ಕೆಲಸದ ಜೊತೆ ನಿಧಾನವಾಗಿ ಓದಿದರೂ ಅಂಕದ ಮೇಲೆ ಕಣ್ಣಿರಲಿ. ದೂರಶಿಕ್ಷಣವಾದರೆ ನೀವು ಸೇರುವ ವರ್ಷಕ್ಕೆ, ಸೇರುವ ಕೋರ್ಸಿಗೇ ಯುಜಿಸಿ ಮಾನ್ಯತೆ ಇದೆಯೇ ನೋಡಿ ಶುಲ್ಕ ಕಟ್ಟಿ. ಮೈಸೂರಿನ ಕರಾಮುವಿಗೂ (ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ) 2013ರ ನಂತರ ಕೆಲವು ವರ್ಷ ಮಾನ್ಯತೆ ಇರಲಿಲ್ಲ.