300ರ ಪ್ಲಾನ್ ಹಾಕಿಸಿದರೆ ವಿಡಿಯೊ ಕರೆ ಸರಿಹೋಗುತ್ತದೆಯೇ?

ಓದುಗರ ಪ್ರಶ್ನೆ: ಮನೆಯಲ್ಲಿ 100 ಎಂಬಿಪಿಎಸ್ ಫೈಬರ್ ಸಂಪರ್ಕವಿದೆ. ಸ್ಪೀಡ್ ಟೆಸ್ಟ್ ಮಾಡಿದಾಗಲೆಲ್ಲ ಪೂರ್ತಿ ವೇಗ ಕಾಣುತ್ತದೆ. ಆದರೆ ಮನೆಯವರ ಫೋನುಗಳು ಫೋಟೊ, ವಿಡಿಯೊಗಳನ್ನು ಬ್ಯಾಕಪ್ ಮಾಡತೊಡಗಿದರೆ ನನ್ನ ಆಫೀಸಿನ ಕರೆ ತುಂಡುತುಂಡಾಗುತ್ತದೆ. 300ರ ಪ್ಲಾನಿಗೆ ಬದಲಾಯಿಸಲೇ?

ಉತ್ತರ: ಬದಲಾಯಿಸಬೇಡಿ. ಈ ಪ್ರಶ್ನೆಗೆ ನಾನು ಎಷ್ಟೋ ಸಲ ಉತ್ತರಿಸಿದ್ದೇನೆ. ಕೇಳಿದವರು ಒಪ್ಪಿಕೊಂಡು ಹೋಗಿ, ಮರುವಾರ ದೊಡ್ಡ ಪ್ಲಾನನ್ನೇ ಹಾಕಿಸಿಕೊಂಡು, ತಿಂಗಳು ಕಳೆಯುವಷ್ಟರಲ್ಲಿ ಅದೇ ದೂರನ್ನು ಹೊತ್ತು ಮರಳಿದ್ದಾರೆ. ಆದ್ದರಿಂದ ಈ ಬಾರಿ ಲೆಕ್ಕಸಮೇತ ಬರೆಯುತ್ತಿದ್ದೇನೆ.

ವೈಫೈ ವಿಷಯವನ್ನು ಮೊದಲು ಮುಗಿಸಿಬಿಡೋಣ. ರೌಟರ್ ಟಿವಿಯ ಹಿಂದೆ ಅಥವಾ ಕಬ್ಬಿಣದ ಬೀರುವಿನ ಮೇಲೆ ಇದ್ದರೆ ಅದನ್ನು ಹೊರಗೆ ತನ್ನಿ. ಅಪಾರ್ಟ್‌ಮೆಂಟಿನಲ್ಲಿ 2.4 ಗಿಗಾಹರ್ಟ್ಸ್ ಬಳಸಲೇಬೇಕಾದರೆ ಒಂದರ ಮೇಲೊಂದು ಬೀಳದ 1, 6, 11ನೇ ಚಾನೆಲ್‌ಗಳಲ್ಲೇ ಒಂದನ್ನು ಆರಿಸಿ. ಕೆಲಸದ ಲ್ಯಾಪ್‌ಟಾಪಿಗೆ ಸಾಧ್ಯವಾದರೆ ಕೇಬಲ್ ಎಳೆಯಿರಿ. ಇಷ್ಟಾದ ಮೇಲೂ ಬ್ಯಾಕಪ್ ಶುರುವಾದೊಡನೆ ಕರೆ ಕೆಡುತ್ತಿದ್ದರೆ ರೋಗ ಬೇರೆಯದು.

ಹೆಚ್ಚು ಎಂಬಿಪಿಎಸ್ ಇದ್ದರೆ ಎಲ್ಲವೂ ಬೇಗ ತಲುಪುತ್ತದೆ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ ಅದನ್ನು ಬುಡದಿಂದಲೇ ಅಗೆಯಬೇಕಾಗುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟು ಮಾಹಿತಿ ಸಾಗಬಲ್ಲದು ಎಂಬುದು ಒಂದು ಅಳತೆ. ಹೊರಟ ಒಂದು ಪ್ಯಾಕೆಟ್, ಅಂದರೆ ಮಾಹಿತಿಯ ಒಂದು ಸಣ್ಣ ತುಣುಕು, ಎಷ್ಟು ಹೊತ್ತಿಗೆ ತಲುಪುತ್ತದೆ ಎಂಬುದು ಇನ್ನೊಂದು. ಸ್ಪೀಡ್ ಟೆಸ್ಟಿನ ದೊಡ್ಡ ಅಂಕಿ ಮೊದಲನೆಯದನ್ನು ಮಾತ್ರ ಹೇಳುತ್ತದೆ. ವಿಡಿಯೊ ಕರೆಗೆ ಬೇಕಾದದ್ದು ಕೆಲವೇ ಎಂಬಿಪಿಎಸ್, ಆದರೆ ಮಾತು ಸಹಜವಾಗಿ ಸಾಗಲು ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇರಬೇಕೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ.

ಊರಿನ ಹಿಟ್ಟಿನ ಗಿರಣಿಯನ್ನು ನೆನಪಿಸಿಕೊಳ್ಳಿ. ಹೋಟೆಲಿನವರು ನಾಲ್ಕು ಚೀಲ ರಾಗಿ ಇಳಿಸಿದ ಮೇಲೆ ನೀವು ಒಂದು ಸೇರು ಹಿಡಿದು ಹೋಗುತ್ತೀರಿ. ಬಂದ ಸರದಿಯಲ್ಲೇ ಬೀಸಿದರೆ ಆ ನಾಲ್ಕು ಚೀಲ ಮುಗಿಯುವವರೆಗೆ ನಿಮ್ಮ ಒಂದು ಸೇರು ಕಾಯಬೇಕು. ಮೋಟಾರಿನ ಶಕ್ತಿ ಹೆಚ್ಚಿಸಿದರೆ ಚೀಲಗಳು ಬೇಗ ಮುಗಿಯುವುದು ನಿಜ, ಆದರೆ ಅಂತರ್ಜಾಲದ ಹೋಟೆಲಿನವರು ಜಾಗ ಇರುವಷ್ಟೂ ಚೀಲ ತಂದು ಇಳಿಸುತ್ತಲೇ ಇರುತ್ತಾರೆ. ಬ್ಯಾಕಪ್‌ನಂಥ ಕೆಲಸಗಳನ್ನು ಸಾಗಿಸುವ ಟಿಸಿಪಿ ಎಂಬ ಅಂತರ್ಜಾಲ ನಿಯಮಾವಳಿಯ ಸಾಂಪ್ರದಾಯಿಕ ವಿಧಾನಗಳು ಪ್ಯಾಕೆಟ್ ಬಿದ್ದುಹೋಗುವವರೆಗೆ ವೇಗವನ್ನು ಏರಿಸುತ್ತಲೇ ಹೋಗುತ್ತವೆ. ಬಿದ್ದದ್ದೇ ಅವುಗಳಿಗೆ ನಿಧಾನಿಸುವ ಸೂಚನೆ. ಒಂದು ಪ್ಯಾಕೆಟ್ಟೂ ಬೀಳಬಾರದೆಂದು ಸಾಧನಗಳಲ್ಲಿ ದೊಡ್ಡ ಬಫರ್ (ಪ್ಯಾಕೆಟ್ಟುಗಳು ಕಾಯುವ ಜಾಗ) ಇಟ್ಟಾಗ ಆ ಸೂಚನೆಯೇ ತಡವಾಗುತ್ತದೆ, ಸಾಲು ಬೆಳೆಯುತ್ತದೆ, ನಿಮ್ಮ ಧ್ವನಿ ಸಾಲಿನ ತುದಿಯಲ್ಲಿ ನಿಲ್ಲುತ್ತದೆ.

ಈಗ ಲೆಕ್ಕ. ಅಪ್‌ಲೋಡ್ 20 ಎಂಬಿಪಿಎಸ್, ಬಫರ್ 2 ಮೆಗಾಬೈಟ್ ಎಂದಿಟ್ಟುಕೊಳ್ಳಿ. 2 ಮೆಗಾಬೈಟ್ ಎಂದರೆ 16 ಮೆಗಾಬಿಟ್; ಅದು ಖಾಲಿಯಾಗಲು 0.8 ಸೆಕೆಂಡು ಬೇಕು. ಅಪ್‌ಲೋಡನ್ನು 40ಕ್ಕೆ ಏರಿಸಿದರೂ 0.4 ಸೆಕೆಂಡು, ಅಂದರೆ 400 ಮಿಲಿಸೆಕೆಂಡು. ಹಣ ಕೊಟ್ಟ ಮೇಲೂ 150ರ ಗಡಿಯ ಹತ್ತಿರಕ್ಕೂ ಬರಲಿಲ್ಲ. ನಿಮ್ಮ ಮನೆಯಲ್ಲೇ ಪರೀಕ್ಷಿಸಿ: ಯಾರೂ ಏನೂ ಮಾಡದಿರುವಾಗ ಪಿಂಗ್ (ಪ್ಯಾಕೆಟ್ ಹೋಗಿ ಬರಲು ಹಿಡಿಯುವ ಹೊತ್ತಿನ ಅಳತೆ) ಓಡಿಸಿ, ಬಳಿಕ ದೊಡ್ಡ ಫೈಲೊಂದನ್ನು ಅಪ್‌ಲೋಡ್‌ಗೆ ಹಾಕಿ ಅದೇ ಪಿಂಗ್ ನೋಡಿ. 20 ಮಿಲಿಸೆಕೆಂಡು ಇದ್ದದ್ದು 400ಕ್ಕೋ 800ಕ್ಕೋ ಜಿಗಿದರೆ ರೋಗ ಸಿಕ್ಕಂತೆ.

ಈ ರೋಗಕ್ಕೆ ಬಫರ್‌ಬ್ಲೋಟ್ ಎಂಬ ಹೆಸರು ಕೊಟ್ಟವರು ಜಿಮ್ ಗೆಟಿಸ್. 2010ರಲ್ಲಿ ತಮ್ಮ ಮನೆಯ ಸಂಪರ್ಕವೇ ಹೀಗೆ ತಡವರಿಸುತ್ತಿದ್ದುದನ್ನು ಅವರು ಬೆನ್ನು ಹತ್ತಿದರು. 2012ರಲ್ಲಿ ಕ್ಯಾತ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಎಂಬ ವಿಧಾನವನ್ನು ಪ್ರಕಟಿಸಿದರು. ಸಾಲು ಎಷ್ಟು ಉದ್ದವಿದೆ ಎಂದು ಅದು ನೋಡುವುದಿಲ್ಲ. ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ. 100 ಮಿಲಿಸೆಕೆಂಡಿನ ಅವಧಿಯುದ್ದಕ್ಕೂ ಕಾಯುವಿಕೆ 5 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯದಿದ್ದರೆ ಪ್ಯಾಕೆಟ್ ಬೀಳಿಸತೊಡಗಿ ಕಳುಹಿಸುವವನನ್ನು ಎಚ್ಚರಿಸುತ್ತದೆ. ಎರಿಕ್ ಡುಮಾಜೆ ಇದಕ್ಕೆ ಸರದಿ ಹಂಚುವ ಗುಣವನ್ನು ಸೇರಿಸಿ ಎಫ್‌ಕ್ಯೂ ಕೋಡೆಲ್ ಬರೆದರು. ಗಿರಣಿಯವನು ಪ್ರತಿ ಗಿರಾಕಿಯಿಂದಲೂ ಸರದಿಯಂತೆ ಒಂದೊಂದು ಬೊಗಸೆ ಹಾಕಿ ಬೀಸಿದ ಹಾಗೆ ಅದು ಕೆಲಸ ಮಾಡುತ್ತದೆ: ನಿಮ್ಮ ಸೇರು ಬೇಗ ಮುಗಿಯುತ್ತದೆ, ಹೋಟೆಲಿನ ಚೀಲಗಳಿಗೂ ಹೆಚ್ಚಿನ ನಷ್ಟವಿಲ್ಲ. ಅದರ ಮುಂದಿನ ರೂಪವಾದ ಕೇಕ್, 2018ರಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ 4.19ನೇ ಆವೃತ್ತಿಯೊಳಗೆ ಸೇರಿತು.

ನೀವು ಮಾಡಬೇಕಾದದ್ದು ಇಷ್ಟು. ಓಪನ್‌ಡಬ್ಲ್ಯೂಆರ್‌ಟಿ ಎಂಬ ಉಚಿತ ರೌಟರ್ ತಂತ್ರಾಂಶ ನಡೆಯುವ ರೌಟರನ್ನು ಫೈಬರ್ ಪೆಟ್ಟಿಗೆಯ ಹಿಂದೆ ಜೋಡಿಸಿ, ಅದರಲ್ಲಿ ಮೇಲಿನ ವಿಧಾನಗಳಿಂದ ಸಾಲನ್ನು ನಿಭಾಯಿಸುವ ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿ, ಅಳೆದ ವೇಗದ ಸುಮಾರು ಶೇ 90ನ್ನು ಮಿತಿಯಾಗಿ ಕೊಡಿ. 40 ಬರುತ್ತಿದ್ದರೆ 36. ಶೇ 10 ಏಕೆ ಬಿಡಬೇಕೆಂದು ಎಲ್ಲರೂ ಕೇಳುತ್ತಾರೆ. ಸಾಲು ನಿಮ್ಮ ರೌಟರಿನಲ್ಲೇ ನಿಂತರೆ ಮಾತ್ರ ಅದನ್ನು ನೀವು ಆಳಬಲ್ಲಿರಿ. ಪೂರ್ತಿ ವೇಗ ಬಿಟ್ಟರೆ ಸಾಲು ಮುಂದಿನ ಪೆಟ್ಟಿಗೆಗೆ ಜಾರುತ್ತದೆ. ಅಗ್ಗದ ರೌಟರುಗಳ ಪ್ರೊಸೆಸರ್‌ಗೆ 300, 500 ಎಂಬಿಪಿಎಸ್ ಮಟ್ಟದಲ್ಲಿ ಈ ಕೆಲಸ ಭಾರವಾಗುತ್ತದೆ ಎಂಬುದೂ ನೆನಪಿರಲಿ. ಪ್ಲಾನಿಗೆ ಸುರಿಯಲಿದ್ದ ಹಣವನ್ನು ಒಳ್ಳೆಯ ರೌಟರಿಗೆ ಹಾಕಿ ಎಂದು ನಾನು ಹೇಳುವುದು ಅದಕ್ಕೇ.

ಇಲ್ಲಿ ನೀವು ಕೇಳದ ಒಂದು ಪ್ರಶ್ನೆಗೂ ಉತ್ತರಿಸಬೇಕೆನಿಸುತ್ತದೆ. ಇಷ್ಟೆಲ್ಲ ಉಚಿತವಾಗಿ ಹೇಗೆ ದೊರೆಯಿತು? ಲಿಂಕ್‌ಸಿಸ್‌ನ ಡಬ್ಲ್ಯೂಆರ್‌ಟಿ54ಜಿ ರೌಟರಿನೊಳಗೆ ಲಿನಕ್ಸ್ ಇರುವುದನ್ನು ಕೆಲವರು ಪತ್ತೆಹಚ್ಚಿದರು. ತಂತ್ರಾಂಶ ಹಂಚುವವರು ಅದರ ಮೂಲಸಂಕೇತವನ್ನೂ ಕೊಡಬೇಕೆನ್ನುವ ಜಿಪಿಎಲ್ ಪರವಾನಗಿಯ ಷರತ್ತಿನಂತೆ 2003ರಲ್ಲಿ ಅದರ ಮೂಲಸಂಕೇತ ಹೊರಬಂತು. 2004ರಲ್ಲಿ ಅದರ ಮೇಲೆ ಓಪನ್‌ಡಬ್ಲ್ಯೂಆರ್‌ಟಿ ಹುಟ್ಟಿತು. 2025ರಲ್ಲಿ ತೀರಿಕೊಂಡ ಡೇವ್ ಟಾಟ್, ಬಫರ್‌ಬ್ಲೋಟ್ ವಿರುದ್ಧದ ಕೆಲಸಕ್ಕೆ ಬದುಕಿನ ಹಲವು ವರ್ಷಗಳನ್ನೇ ಕೊಟ್ಟರು. ಅವರನ್ನು ಎಂದೂ ಕಾಣದ ನನ್ನ ಮನೆಯ ಕರೆಗಳೂ ಆ ಶ್ರಮದಿಂದಲೇ ಸ್ಪಷ್ಟವಾಗಿವೆ.

ನನಗೆ ಪ್ರೋಗ್ರಾಮಿಂಗ್ ಬಾರದು, ನಾನೇನು ಕೊಡಲಿ ಎಂದು ಹಿಂಜರಿಯಬೇಡಿ. ಲೂಸಿ ಎಂಬ, ಓಪನ್‌ಡಬ್ಲ್ಯೂಆರ್‌ಟಿಯ ನಿರ್ವಹಣಾ ಪುಟಗಳ ಅನುವಾದ ವೆಬ್‌ಲೇಟ್ ಎಂಬ ಅನುವಾದ ತಾಣದಲ್ಲಿ ನಡೆಯುತ್ತದೆ. ಕೋಡ್ ಮುಟ್ಟದೆ ಅಲ್ಲಿ ಕನ್ನಡದ ಸಾಲುಗಳನ್ನು ಬರೆಯಬಹುದು. ನಿಮ್ಮ ರೌಟರಿನಲ್ಲಿ ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂಬುದನ್ನು ವಿಕಿಯ ಸಾಧನ ಪುಟದಲ್ಲಿ ದಾಖಲಿಸಬಹುದು. ದೋಷ ವರದಿ ಬರೆಯುವುದಾದರೆ ‘ನೆಟ್ ನಿಧಾನ’ ಎಂಬ ಎರಡು ಪದ ಯಾರಿಗೂ ಉಪಯೋಗವಿಲ್ಲ. ಯಾವ ಆವೃತ್ತಿ, ಎಷ್ಟು ವೇಗದ ಸಂಪರ್ಕ, ಎಸ್‌ಕ್ಯೂಎಂ ಹಾಕುವ ಮೊದಲು ಮತ್ತು ಆಮೇಲೆ ಪಿಂಗ್ ಎಷ್ಟು, ಯಾವ ಕ್ರಮದಲ್ಲಿ ಮಾಡಿದರೆ ದೋಷ ಮರುಕಳಿಸುತ್ತದೆ, ಲಾಗ್ ಏನು ಹೇಳುತ್ತದೆ ಎಂದು ಬರೆಯಿರಿ. ಎಲ್ಲಕ್ಕೂ ಮೊದಲು ರೌಟರನ್ನು ಮಗುಚಿ, ಅಡಿಯ ಚೀಟಿಯಲ್ಲಿ ಮಾದರಿ ಸಂಖ್ಯೆಯ ಪಕ್ಕದಲ್ಲಿರುವ ವಿ1, ವಿ2 ಎಂಬ ಗುರುತನ್ನು ಬರೆದುಕೊಳ್ಳಿ. ಹೆಸರು ಒಂದೇ ಆದರೂ ಒಳಗಿನ ಚಿಪ್ ಬೇರೆಯಿರಬಹುದು, ತಪ್ಪು ಫರ್ಮ್‌ವೇರ್ (ರೌಟರಿನೊಳಗಿನ ತಂತ್ರಾಂಶ) ಹಾಕಿದರೆ ರೌಟರ್ ಮತ್ತೆ ಏಳದೆ ಹೋಗಬಹುದು.