ಗೇಜ್ ಒಂದು ಹೇಳುತ್ತೆ, ಇಸಿಯು ಇನ್ನೊಂದು ಹೇಳುತ್ತೆ. ಯಾವುದನ್ನ ನಂಬೋದು?

ಪ್ರಶ್ನೆ: ವೈಡ್‌ಬ್ಯಾಂಡ್ ಸೆನ್ಸರ್ (ಹೊಗೆ ನೋಡಿ ಗಾಳಿ-ಪೆಟ್ರೋಲ್ ಅನುಪಾತ ಅಳೆಯೋದು) ಹಾಕಿ ಅದರ ಕಂಟ್ರೋಲರ್‌ನಿಂದ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ, ವೈರ್ ಕೊಟ್ಟಿದ್ದೇನೆ. ಐಡಲ್‌ನಲ್ಲಿ ಎರಡೂ ಹೆಚ್ಚುಕಡಿಮೆ ಸರಿ ಇವೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಗೇಜ್ 12.5 ತೋರಿಸುತ್ತೆ, ಲ್ಯಾಪ್‌ಟಾಪ್‌ನಲ್ಲಿ 13.4 ಬರುತ್ತೆ. ಮೂರು ಸಲ ಫ್ರೀ ಏರ್ ಕ್ಯಾಲಿಬ್ರೇಷನ್ ಮಾಡಿದೆ. ಸೆನ್ಸರ್ ಹೋಗಿದೆಯಾ?

ನಾಲ್ಕನೇ ಸಲ ಮಾಡಬೇಡಿ, ದಯವಿಟ್ಟು.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದೆನೋ ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಗಾಡಿ ಬೇರೆ, ಅಂಕಿ ಬೇರೆ. ‘ಮತ್ತೆ ಕ್ಯಾಲಿಬ್ರೇಟ್ ಮಾಡಿದೆ’ ಅನ್ನೋ ಸಾಲು ಮಾತ್ರ ತಪ್ಪೋದಿಲ್ಲ. ಫ್ರೀ ಏರ್ ಕ್ಯಾಲಿಬ್ರೇಷನ್ ಅನ್ನೋದು ಸೆನ್ಸರ್‌ಗೂ ಕಂಟ್ರೋಲರ್‌ಗೂ ನಡುವಿನ ಮಾತು. ಸುಮಾರು 20.9 ಶೇಕಡಾ ಆಮ್ಲಜನಕ ಇರುವ ಬರೀ ಗಾಳಿಯನ್ನು ತೋರಿಸಿ, ‘ಇದು ಗಾಳಿ, ನೆನಪಿಟ್ಟುಕೋ’ ಅಂತ ಹೇಳುತ್ತೀರಿ, ಅಷ್ಟೇ. ಇಸಿಯುಗೆ ಅದರ ಸುಳಿವೂ ಸಿಗೋದಿಲ್ಲ. ಗೇಜಿಗೂ ಇಸಿಯುಗೂ ಲೆಕ್ಕ ಬರೋದು ಅದೇ ಕಂಟ್ರೋಲರ್‌ನಿಂದ ತಾನೇ? ಅಲ್ಲೇ ತಪ್ಪಿದ್ದರೆ ಎರಡೂ ಒಂದೇ ತಪ್ಪು ಹೇಳಬೇಕಿತ್ತು. ಒಂದೇ ಬಾವಿಯ ನೀರು ಒಂದು ಕೊಡದಲ್ಲಿ ಸಿಹಿ, ಇನ್ನೊಂದರಲ್ಲಿ ಉಪ್ಪು ಅಂದರೆ ಬಾವಿ ತೊಳೆದು ಏನು ಬಂತು?

ಕೊಡ ನೋಡೋಣ. ನಿಮ್ಮ ಅಂಕಿಗಳೇ ಕಥೆ ಹೇಳುತ್ತಿವೆ. ಕೆಲವು ಕಂಟ್ರೋಲರ್‌ಗಳು ಅನುಪಾತವನ್ನು ವೋಲ್ಟ್ ಮಾಡಿ, 0 ವೋಲ್ಟ್‌ಗೆ 7.35, 5 ವೋಲ್ಟ್‌ಗೆ 22.39 ಅಂತ ಕಳಿಸುತ್ತವೆ. ಇನ್ನು ಕೆಲವು 10ರಿಂದ 20. ಮೊದಲ ಥರದ ಕಂಟ್ರೋಲರ್ ಹಾಕಿ, ಇಸಿಯುನಲ್ಲಿ ಎರಡನೇ ಅಳತೆ ಆರಿಸಿದರೆ ಏನಾಗುತ್ತೆ? ನಿಜವಾದ 14.7ಕ್ಕೆ (ಪೆಟ್ರೋಲ್ ಪೂರ್ತಿ ಉರಿಯಲು ಸರಿಯಾದ ಅನುಪಾತ, ಐಡಲ್‌ನಲ್ಲಿ ಇದರ ಹತ್ತಿರವೇ ಇರುತ್ತೆ) 2.44 ವೋಲ್ಟ್ ಬರುತ್ತೆ. ಇಸಿಯು ಅದನ್ನು 14.9 ಅಂತ ಓದುತ್ತೆ. ಪರವಾಗಿಲ್ಲ ಅಂತ ನೀವು ಮುಂದೆ ಹೋಗುತ್ತೀರಿ. ನಿಜವಾದ 12.5ಕ್ಕೆ 1.71 ವೋಲ್ಟ್. ಇಸಿಯು ಓದೋದು 13.4. ಸಿಕ್ಕಿತಲ್ವಾ? ಈ ತಪ್ಪು ಐಡಲ್‌ನಲ್ಲಿ ಅಡಗಿ ಕೂರುತ್ತೆ. ಎಂಜಿನ್‌ಗೆ ನಿಜವಾಗಿ ಭಾರ ಬಿದ್ದಾಗ ಹೊರಗೆ ಬರುತ್ತೆ. ಕಂಟ್ರೋಲರ್ ಜೊತೆ ಬಂದ ಹಾಳೆಯಲ್ಲಿ ಎರಡು ವೋಲ್ಟೇಜ್, ಎರಡು ಅಂಕಿ ಇರುತ್ತವೆ. ಅವನ್ನೇ ಇಸಿಯು ಸಾಫ್ಟ್‌ವೇರ್‌ನ ಎಎಫ್‌ಆರ್ (ಗಾಳಿ-ಪೆಟ್ರೋಲ್ ಅನುಪಾತ) ಟೇಬಲ್‌ನಲ್ಲಿ ತುಂಬಿ. ಪಟ್ಟಿಯಲ್ಲಿ ನಿಮ್ಮ ಕಂಟ್ರೋಲರ್ ಹೆಸರು ಕಂಡಿತು ಅಂತ ಸುಮ್ನೆ ಒತ್ತಬೇಡಿ. ಅದೇ ಕಂಪನಿಯ ಹಳೇ ಮಾಡೆಲ್‌ನ ಅಳತೆ ಬೇರೆ ಇರಬಹುದು.

ವ್ಯತ್ಯಾಸ ಎಲ್ಲ ಕಡೆ ಒಂದೇ ಸಮನೆ ಇದ್ದರೆ, ಅಂದರೆ ಐಡಲ್‌ನಲ್ಲೂ 0.3, ಲೋಡ್‌ನಲ್ಲೂ 0.3 ಜಾಸ್ತಿ ಅಂದರೆ, ಅದು ಗ್ರೌಂಡ್ ವೈರ್ ಕೆಲಸ. ಸೆನ್ಸರ್‌ನ ಹೀಟರ್ ಬಿಸಿಯಾಗುವಾಗ ಒಂದು ಆಂಪಿಯರ್‌ಗೂ ಜಾಸ್ತಿ ಎಳೆಯುತ್ತೆ. ಅದೇ ಗ್ರೌಂಡ್‌ನಲ್ಲಿ ಸಿಗ್ನಲ್ ಕೂಡ ಕೂತಿದ್ದರೆ, ತುಕ್ಕು ಹಿಡಿದ ಬೋಲ್ಟ್‌ನ 0.1 ಓಮ್ ಸಾಕು, 0.1 ವೋಲ್ಟ್ ಹೋಯಿತು. 7.35ರಿಂದ 22.39ರ ಅಳತೆಯಲ್ಲಿ ಅದು 0.3. ಇಸಿಯು ಲೀನ್ (ಪೆಟ್ರೋಲ್ ಕಡಿಮೆ) ಅಂದುಕೊಂಡು ಸುಮ್ಮನೆ ಪೆಟ್ರೋಲ್ ಸುರಿಯುತ್ತೆ. ಎಂಜಿನ್ ಓಡುವಾಗಲೇ ಮಲ್ಟಿಮೀಟರ್‌ನ ಕಪ್ಪು ಕಡ್ಡಿಯನ್ನು ಇಸಿಯುನ ಸೆನ್ಸರ್ ಗ್ರೌಂಡ್‌ಗೆ, ಕೆಂಪನ್ನು ಕಂಟ್ರೋಲರ್ ಗ್ರೌಂಡ್‌ಗೆ ಹಿಡಿಯಿರಿ. ಮಿಲಿವೋಲ್ಟ್‌ನಲ್ಲಿ ನೋಡಿ. ಹತ್ತಿಪ್ಪತ್ತು ಬಂದರೆ ಬಿಡಿ. ನೂರು ಬಂದರೆ ಕಂಟ್ರೋಲರ್‌ನ ಗ್ರೌಂಡ್‌ಗಳನ್ನು ಇಸಿಯು ಗ್ರೌಂಡ್ ಆಗುವ ಜಾಗಕ್ಕೇ ತನ್ನಿ.

ಹಾಗಾದರೆ ಫ್ರೀ ಏರ್ ಬೇಡವೇ ಬೇಡವಾ? ನಿಮ್ಮದು ಬಾಷ್ ಕಂಪನಿಯ ಎಲ್‌ಎಸ್‌ಯು 4.2 ಸೆನ್ಸರ್ ಆಗಿದ್ದರೆ ಆಗಾಗ ಬೇಕು. ಸೆನ್ಸರನ್ನು ಪೈಪಿನಿಂದ ಬಿಚ್ಚಿ, ಹೊಗೆ ಇಲ್ಲದ ಕಡೆ ಹಿಡಿದು ಮಾಡಬೇಕು. ಪೈಪಿನೊಳಗೇ ಬಿಟ್ಟು ಮಾಡಿದರೆ ಹಳೇ ಹೊಗೆಯನ್ನೇ ಗಾಳಿ ಅಂತ ಕಲಿಸಿದಂತೆ. ಎಲ್‌ಎಸ್‌ಯು 4.9ರಲ್ಲಿ ಕ್ಯಾಲಿಬ್ರೇಷನ್‌ಗಾಗಿ ಕಾರ್ಖಾನೆಯಲ್ಲೇ ಅಳೆದು ಕೂರಿಸಿದ ರೆಸಿಸ್ಟರ್ ಪ್ಲಗ್‌ನೊಳಗೆ ಇರುತ್ತೆ. ವೈರ್ ಸಾಲಲಿಲ್ಲ ಅಂತ ಆ ಪ್ಲಗ್ ಕತ್ತರಿಸಿ ಬೆಸುಗೆ ಹಾಕಿದವರು ಆ ರೆಸಿಸ್ಟರನ್ನೂ ಕಸಕ್ಕೆ ಹಾಕಿರುತ್ತಾರೆ.

ಕೇಳದಿದ್ದರೂ ಒಂದು ಮಾತು. ಎಥನಾಲ್ ಬೆರೆತ ಪೆಟ್ರೋಲ್ ಹಾಕುವವರಿಗೆ ಆ 14.7 ಕೂಡ ನಿಜವಲ್ಲ. ಸೆನ್ಸರ್‌ಗೆ ಗೊತ್ತಿರೋದು ಲ್ಯಾಂಬ್ಡಾ ಒಂದೇ, ಅಂದರೆ ಪೂರ್ತಿ ಉರಿಯಲು ಬೇಕಾದ ಗಾಳಿಯ ಎಷ್ಟು ಪಟ್ಟು ಗಾಳಿ ಇದೆ ಅನ್ನೋದು. ಗೇಜ್ ಅದನ್ನು 14.7ರಿಂದ ಗುಣಿಸಿ ತೋರಿಸುತ್ತೆ. 10 ಶೇಕಡಾ ಎಥನಾಲ್ ಇದ್ದರೆ ನಿಜವಾದ ಅಂಕಿ ಸುಮಾರು 14.1, 85 ಶೇಕಡಾ ಇದ್ದರೆ 9.8ರ ಹತ್ತಿರ. ಗೇಜ್ ಮಾತ್ರ ಎರಡಕ್ಕೂ 14.7 ಅಂತಲೇ ಅನ್ನುತ್ತೆ. ಅದಕ್ಕೇ ನಾನು ಗೇಜನ್ನೂ ಇಸಿಯುವನ್ನೂ ಲ್ಯಾಂಬ್ಡಾಗೆ ಇಟ್ಟುಬಿಟ್ಟಿದ್ದೇನೆ. ನಿಮ್ಮ 12.5 ನನ್ನ ಗಾಡಿಯಲ್ಲಿ 0.85.